ಸೀಟಿನ ಬೆನ್ನು

ಶೇಡಬಾಳದ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಹಿಂದೆ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು, ನಡುವೆ ಸಾವ್ಕಾರರ ಮನೆಯ ಹೊಸ ಕಾರು. ಡ್ರೈವರನ ಪಕ್ಕದ ಸೀಟಿನಲ್ಲಿದ್ದ ಸಣ್ಣ ಸಾವ್ಕಾರ ರೋಹನ ಕೈ ಚಾಚಿ ಮುಂದಿನ ಪರದೆಯ ಮೇಲೆ ಹಾಡಿನ ಪಟ್ಟಿ ತೆರೆದ. ಎಂಜಿನ್ ಓಡುತ್ತಿದೆಯೋ ನಿಂತಿದೆಯೋ ಎಂದು ಅಷ್ಟು ಹೊತ್ತೂ ಅಲ್ಲಿ ತೋರಿಸುತ್ತಿದ್ದ ಚಿತ್ರ ಮಾಯವಾಯಿತು. ಸ್ಟೇರಿಂಗ್ ಹಿಡಿದಿದ್ದ ಮಲಕಾರಿ ಪರದೆಯನ್ನು ಮತ್ತೆ ಮತ್ತೆ ನೋಡಿದ.

ಆ ಚಿತ್ರವೇ ಈಗ ಅವನ ಕಿವಿ. ಮಲಕಾರಿ ಈ ಮನೆಯ ಜೀಪು ಓಡಿಸಿದ್ದು ಮೂವತ್ತು ವರ್ಷ. ಎದುರಿಗೆ ನಿಂತು ಆಡಿದ ಮಾತು ಮಾತ್ರ ತಿಳಿಯುವಷ್ಟು ಕಿವಿ ಮಂದವಾಗಿ ಎರಡು ವರ್ಷವಾಗಿದ್ದರೂ ಅದು ಯಾರ ಲಕ್ಷ್ಯಕ್ಕೂ ಬಂದಿಲ್ಲವೆಂದು ಹೋದ ವಾರದವರೆಗೂ ನಂಬಿದ್ದ. ಡೀಸೆಲ್ ಜೀಪು ತನ್ನ ಸುಖದುಃಖವನ್ನೆಲ್ಲ ಸೀಟು ನಡುಗಿಸಿ, ಗೇರಿನ ಕೋಲು ನಡುಗಿಸಿ ಹೇಳುತ್ತಿತ್ತು. ದ್ರಾಕ್ಷಿ ಕೈಹಿಡಿದ ವರ್ಷ ಜೀಪು ಮೂಲೆ ಸೇರಿ ಈ ಹೈಬ್ರಿಡ್ ಕಾರು ಬಂತು. ಇದು ಮೆಲ್ಲಗೆ ಹೋಗುವಾಗ ಬ್ಯಾಟರಿಯಿಂದ ನಡೆಯುತ್ತದೆ. ಜೋರು ಬೇಕಾದಾಗಲೋ ಬ್ಯಾಟರಿ ಇಳಿದಾಗಲೋ ಪೆಟ್ರೋಲ್ ಎಂಜಿನ್ ಯಾರ ಅಪ್ಪಣೆಯನ್ನೂ ಕೇಳದೆ ಎದ್ದು, ಮನಸ್ಸಿಗೆ ಬಂದಾಗ ಮಲಗುತ್ತದೆ. ನಡುಕವಂತೂ ಹೆಸರಿಗೂ ಇಲ್ಲ.

ಹೋದ ವಾರ ಅದೇ ಎಡವಟ್ಟಾಗಿತ್ತು. ನಡುಕವಿಲ್ಲವೆಂದರೆ ಗಾಡಿ ಬಂದಾಯಿತು ಎನ್ನುವ ಜೀಪಿನ ರೂಢಿಯಲ್ಲಿ ಬಂದ್ ಮಾಡುವ ಬಟನ್ ಒತ್ತದೆಯೇ ಊಟಕ್ಕೆ ಹೋಗಿದ್ದ. ಉಂಡು ಬರುವಷ್ಟರಲ್ಲಿ ಎಂಜಿನ್ ತಾನೇ ಎದ್ದು ಓಡುತ್ತಿತ್ತು. ಮಲಕಾರಿ ಆ ಕಾರಿಗೇ ಒರಗಿ ನಿಂತು ನೆಮ್ಮದಿಯಾಗಿ ಬೀಡಿ ಸೇದಿದ. ರೋಹನ ಮಾಳಿಗೆಯಿಂದ ನೋಡಿದ. ಕಿವಿ ಹೋಗಿದ್ದರೆ ಬೇರೆ ಡ್ರೈವರನನ್ನು ನೋಡಬೇಕೆಂದು ಅಂದಿನಿಂದ ಮನೆಯಲ್ಲಿ ಮಾತು ಎದ್ದಿತ್ತು. ಐವತ್ತೆಂಟಕ್ಕೆ ಮಲಕಾರಿಯ ಕೈಗೆ ಇನ್ಯಾರು ಕೀಲಿ ಕೊಡುತ್ತಾರೆ?

"ಕಾಕಾ, ಈಗ ಎಂಜಿನ್ ಚಾಲೂ ಐತೋ, ಬಂದ್ ಆಗೇತೋ?" ರೋಹನ ಅವನ ಕಡೆ ತಿರುಗಿ ಕೇಳಿದ.

ನಡುಕ ಸಿಕ್ಕೀತೇ ಎಂದು ಮಲಕಾರಿ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದ. ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ಅವನ ಬೆನ್ನಿಗೆ ಸಣ್ಣಗೆ ತಟ್ಟಿದಂತಾಯಿತು. ಹಿಂದೆ ರೋಹನನ ಅಜ್ಜಿ ಲಕ್ಕವ್ವ ಕುಳಿತಿದ್ದಳು. ಮಿರಜಿನಲ್ಲಿ ಮೊಣಕಾಲಿಗೆ ಸೂಜಿ ಹಾಕಿಸಿಕೊಂಡು ಬರುತ್ತಿದ್ದವಳು ಸೀಟಿನ ಬೆನ್ನಿನ ಮೇಲೆ ಬೆರಳು ಬಡಿಯುತ್ತಿದ್ದಳು, ಒಂದೇ ಸಮನೆ, ಜೀಪು ನಡುಗಿದ ಹಾಗೆ.

"ಚಾಲೂ ಐತ್ರಿ," ಎಂದ ಮಲಕಾರಿ. ಬೆರಳು ನಿಂತಿತು. "ಈಗ ಬಂದ್ ಆತು."

ರೋಹನನಿಗೆ ತುಸು ನಾಚಿಕೆಯಾಗಿರಬೇಕು, ಮೊಬೈಲಿಗೆ ಮುಖ ಹಾಕಿದ. ಕನ್ನಡಿಯಲ್ಲಿ ನೋಡಿದರೆ ಲಕ್ಕವ್ವ ತನಗೇನೂ ಸಂಬಂಧವಿಲ್ಲದವಳಂತೆ ಕಬ್ಬು ನೋಡುತ್ತಿದ್ದಳು. ವರ್ಷದಿಂದ ಅವಳು ಹೆಸರು ಹಿಡಿದು ಕೂಗದೆ ಭುಜ ತಟ್ಟಿ ಕರೆಯುತ್ತಿದ್ದುದು ಮಲಕಾರಿಗೆ ಈಗ ಅರ್ಥವಾಯಿತು. ಹಿರಿಯರ ಸಲಿಗೆ ಎಂದುಕೊಂಡಿದ್ದ, ಪೆದ್ದ.

ಗೇಟು ಎದ್ದಿತು. ಲಕ್ಕವ್ವ ಕೈಬಿಡಲಿಲ್ಲ. ಎಂಜಿನ್ ಎದ್ದಾಗಲೆಲ್ಲ ಬಡಿದಳು, ಮಲಗಿದಾಗ ಸುಮ್ಮನಾದಳು. ಮೊದಲು ಬದುಕಿಕೊಂಡೆ ಎಂದು ಮಲಕಾರಿಗೆ ಅನ್ನಿಸಿದ್ದು ನಿಜ. ಆದರೆ ಎರಡು ಮೈಲು ಹೋಗುವಷ್ಟರಲ್ಲಿ ಅವಳು ಎರಡೂ ಮುಷ್ಟಿಯಿಂದ ಸೀಟು ಗುದ್ದಿದಳು. ಮಲಕಾರಿ ಗಾಬರಿಯಾಗಿ ಎಡಕ್ಕೆ ಎಳೆದ. ಹಿಂದಿನಿಂದ ಬಂದ ಹಾಲಿನ ಟ್ಯಾಂಕರೊಂದು ಗೇಣು ಅಂತರದಲ್ಲಿ ದಾಟಿಹೋಯಿತು. ಅದು ಎಷ್ಟು ಹೊತ್ತಿನಿಂದ ಹಾರ್ನ್ ಹೊಡೆಯುತ್ತಿತ್ತೋ. ಕನ್ನಡಿಯಲ್ಲಿ ಲಕ್ಕವ್ವ ಕಣ್ಣು ಮುಚ್ಚಿ ಮೊಣಕಾಲು ಹಿಡಿದುಕೊಂಡಿದ್ದಳು. ಮತ್ತೆ ನಿಮಿಷದಲ್ಲಿ ಬೆರಳು ಸೀಟಿಗೆ ಬಂತು.

ಮಲಕಾರಿಗೆ ಸಾಕುಸಾಕಾಯಿತು. ಎರಡು ವರ್ಷ ಮಂದಿಯ ತುಟಿ ನೋಡಿ, ಕನ್ನಡಿ ನೋಡಿ, ಪರದೆ ನೋಡಿ ಕಣ್ಣು ಸೋತಿದ್ದವು. ಈಗ ಕಾಲುನೋವಿನ ಮುದುಕಿಯನ್ನೂ ದುಡಿಮೆಗೆ ಹಚ್ಚಿದಂತಾಯಿತಲ್ಲ ಎಂದುಕೊಂಡ.

ಮನೆಯ ಹೆಬ್ಬಾಗಿಲಲ್ಲಿ ಕಾರು ನಿಲ್ಲಿಸಿ, ಬಟನ್ ಒತ್ತಿ, ಇಳಿದು ರೋಹನನ ಬಳಿ ಹೋಗಿ ಕೀಲಿ ಚಾಚಿದ.

"ತಗೋರಿ ಸಣ್ಣ ಸಾವ್ಕಾರ್ರ. ನನಗ ಕಿವಿ ಕೇಳಾಂಗಿಲ್ಲ."

"ಮತ್ತ ಗೇಟಿನ್ಯಾಗ ಬರೋಬ್ಬರಿ ಹೇಳಿದ್ಯಲ್ಲ ಕಾಕಾ?"

ಮಲಕಾರಿ ಕೀಲಿಯನ್ನು ಅವನ ಅಂಗೈಯಲ್ಲಿಟ್ಟ. ಅಜ್ಜಿ ನಡೆಯಲಾರಳು, ಕಾರನ್ನು ಕಟ್ಟೆಯವರೆಗೂ ಒಯ್ಯಬೇಕಿತ್ತು. ರೋಹನನೇ ಹೋಗಿ ಡ್ರೈವರನ ಜಾಗದಲ್ಲಿ ಕುಳಿತ.

ಕಾರು ಅಂಗಳದ ಏರಿಗೆ ತಿರುಗಿತು. ಮಲಕಾರಿ ಪಕ್ಕಕ್ಕೆ ಸರಿದು ಕಿಟಕಿಯ ಗಾಜಿನ ಮೂಲಕ ನೋಡಿದ. ಅವನನ್ನೇ ನೋಡುತ್ತಿದ್ದ ಲಕ್ಕವ್ವನ ಕೈ ಮೆಲ್ಲಗೆ ಎದ್ದು, ಮೊಮ್ಮಗ ಕುಳಿತ ಸೀಟಿನ ಬೆನ್ನನ್ನು ಬಡಿಯತೊಡಗಿತು. ಎಂಜಿನ್ ಎದ್ದಿದೆ ಎಂದು ಮಲಕಾರಿಗೆ ತಿಳಿಯಿತು.