ಅಂಗಳದಲ್ಲಿ ನಿಂತ ಲಾರಿಗಳು

ಲಾರಿ ಒಂದು ದಿನ ಸುಮ್ಮನೆ ನಿಂತರೆ ಬಾಡಿಗೆ, ಡ್ರೈವರ್ ಭತ್ಯೆ, ಊಟ ಎಲ್ಲ ಸೇರಿ ಎಂಟು ಸಾವಿರ ದಂಡ. ನನ್ನ ಉಗ್ರಾಣದ ಅಂಗಳದಲ್ಲಿ ಹನ್ನೆರಡು ಲಾರಿಗಳಿದ್ದವು. ಹಾಗಾಗಿ ನೆರೆ ಬಂದ ಮರುದಿನ ಅಕ್ಕಿ, ಕುಡಿಯುವ ನೀರು, ಔಷಧಿ ತುಂಬಿಸಿ ಎಲ್ಲವನ್ನೂ ಬೆಳಗ್ಗೆಯೇ ಒಟ್ಟಿಗೆ ಓಡಿಸಿದೆ. ನಮ್ಮಲ್ಲಿ ಮೊದಲಿನಿಂದಲೂ ಹಾಗೆಯೇ. ಸಾಲಾಗಿ ಹೊರಟರೆ ಒಂದು ಕೆಟ್ಟರೆ ಇನ್ನೊಂದು ಎಳೆಯುತ್ತದೆ, ನೋಡುವವರಿಗೂ ಧೈರ್ಯ.

ಹೊಳೆಯ ದಡದವರೆಗೆ ಲಾರಿ, ಅಲ್ಲಿಂದಾಚೆ ದೋಣಿ. ಸಂಜೆಯಾದರೂ ಮುಕ್ಕಾಲು ಪಾಲು ಸರಕು ದಾಟಿರಲಿಲ್ಲ. ಆಚೆ ದಡದ ಶಾಲೆಯಲ್ಲಿ ಸಿಕ್ಕಿಕೊಂಡವರಲ್ಲಿ ನಮ್ಮಕ್ಕನೂ ಒಬ್ಬಳು. ಸಕ್ಕರೆ ಕಾಯಿಲೆಯವಳು, ಕಾಲಿಗೆ ತಗಡು ಕೊಯ್ದ ಗಾಯ ಬೇರೆ. ಅವಳ ಇನ್ಸುಲಿನ್ ಐದನೇ ಲಾರಿಯಲ್ಲಿತ್ತು; ಪೆಟ್ಟಿಗೆಯ ಮಂಜುಗಡ್ಡೆ ಕರಗಿ ಕೆಟ್ಟೇಹೋಯಿತು.

"ನಾಳೆ ಇನ್ನೂ ಹತ್ತು ಲಾರಿ ತರಿಸ್ತೀನಿ," ಅಂದೆ.

ಊಟದ ಡಬ್ಬಿ ತಂದಿದ್ದ ಸೊಸೆ, ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು, ಆಗಲೇ ದೋಣಿಯವರಿಗೆ ಫೋನ್ ಮಾಡಿ ತುಂಬಲು ಎಷ್ಟು ಹೊತ್ತು, ದಾಟಲು ಎಷ್ಟು ಹೊತ್ತು ಅಂತ ಕೆದಕುತ್ತಿದ್ದಳು.

"ದೋಣಿಗಳು ಅರ್ಧ ದಿನ ಸುಮ್ನೆ ಕೂತಿದ್ವಂತೆ, ಮಾವ."

"ಅವಕ್ಕೇನು ರೋಗ? ದಡದಲ್ಲಿ ಲಾರಿ ಸಾಲೇ ಇತ್ತಲ್ಲ!"

"ಆ ಸಾಲೇ ರೋಗ." ಮೇಜಿನ ಮೇಲೆ ಎರಡು ಕಡತ ಇಟ್ಟು ನಡುವೆ ಇಕ್ಕಟ್ಟು ದಾರಿ ಮಾಡಿದಳು. ಅದರಲ್ಲಿ ಟೀ ಲೋಟಗಳನ್ನು ಒಂದರ ಹಿಂದೊಂದು ನಿಲ್ಲಿಸಿದಳು. ಮುಂದಿನ ಲೋಟ ಖಾಲಿಯಾದರೂ ಈಚೆ ಬರಲು ಜಾಗವಿಲ್ಲ, ಹಿಂದಿನ ತುಂಬಿದ ಲೋಟ ಮುಂದೆ ಹೋಗುವಂತಿಲ್ಲ. ದಡಕ್ಕೆ ಹೋಗುವ ಏರಿಯೂ ಹಾಗೇ, ಎರಡೂ ಪಕ್ಕ ಸೆಳೆತದ ನೀರು. ಲಾರಿ ಬಿಟ್ಟು ಬೇರೇನೂ ಅಲ್ಲಿ ಹೋಗದು. "ಆರೇ ಲಾರಿ ಸಾಕು, ಅವೇ ತಿರುಗಿ ತಿರುಗಿ ಹೋಗಲಿ. ಒಂದು ಏರಿ ಬಿಟ್ಟು ಬಂದ ಮೇಲೆ ಇನ್ನೊಂದು. ಮಿಕ್ಕಿದ್ದು ಇಲ್ಲೇ ನಿಲ್ಲಲಿ."

"ಯಜಮಾನ್ರೇ, ನಿಮ್ಮ ಸೊಸೆ ಲಾರೀನ ಬಸ್ ಮಾಡ್ತಿದಾರೆ!" ಹಿರೇ ಡ್ರೈವರ್ ನಕ್ಕ. ನಗುತ್ತಲೇ, ಸಿಕ್ಕಿಕೊಂಡ ಲಾರಿಗಳನ್ನು ಹಿಮ್ಮುಖವಾಗಿ ಹೊರತರಲು ಹೋದ.

ಮರುದಿನ ಪೇಟೆಯಿಂದ ಹೊಸ ಇನ್ಸುಲಿನ್ ಬರುವಾಗ ಮೂರು ಲಾರಿ ಹೋಗಿದ್ದವು. ನಾಲ್ಕನೆಯದಕ್ಕೆ ಪೆಟ್ಟಿಗೆ ಏರಿಸಿ ಕೂಗಿದೆ, "ಹೊರಡು!"

ಸೊಸೆ ಗೇಟಿಗೆ ಅಡ್ಡ ನಿಂತಳು. "ಮುಂದಿಂದು ಇನ್ನೂ ಏರಿ ಬಿಟ್ಟಿಲ್ಲ, ಮಾವ."

"ಅಲ್ಲಿರೋದು ನಮ್ಮಕ್ಕ ಕಣಮ್ಮ!"

"ಗೊತ್ತು. ಅದಕ್ಕೇ ತಡೀತಿರೋದು."

ಅವಳು ಕದಲಲಿಲ್ಲ. ಮುಂದಿನ ಲಾರಿ ಏರಿ ಬಿಟ್ಟಿತು ಅಂತ ಅವಳಿಗೆ ಫೋನ್ ಬಂದಾಗಲೇ ಗೇಟು ತೆರೆದದ್ದು. ಮನಸ್ಸು ತಡೆಯದೆ ನಾನೂ ಲಾರಿ ಹತ್ತಿ ಕೂತೆ.

ಏರಿಯ ಮೇಲೆ ಒಂದು ಗಾಡಿಯೂ ಇರಲಿಲ್ಲ. ನಾವು ದಡ ಮುಟ್ಟುವುದಕ್ಕೂ ಖಾಲಿ ದೋಣಿ ಬಂದು ತಾಗುವುದಕ್ಕೂ ಸರಿಹೋಯಿತು. ಒಂದು ದೋಣಿ ಆಚೆ, ಒಂದು ಈಚೆ, ರಾಟೆಯ ಎರಡು ಕೊಡಗಳ ಹಾಗೆ. ನಿನ್ನೆ ಅದೇ ಜಾಗದಲ್ಲಿ ಬೈಗುಳ, ಹಾರನ್ನು. ಇವತ್ತು ಹುಟ್ಟು ಹಾಕುವ ಸದ್ದಷ್ಟೇ. ಹೊಳೆ ಅದೇ, ಜನರೂ ಅವರೇ. ಕಾಣದ ಕೈಯೊಂದು ಎಲ್ಲವನ್ನೂ ಹಿಡಿದು ನಡೆಸುತ್ತಿದ್ದಂತಿತ್ತು. ಲಾರಿಗಳ ನಡುವೆಯೇ ಹುಟ್ಟಿ ಬೆಳೆದ ನಾನು ಬಾಯಿ ತೆರೆದು ನಿಂತೆ.

ಕತ್ತಲಾಗುವ ಮುಂಚೆ ಸರಕೆಲ್ಲ ದಾಟಿತು. ಅಂಗಳದಲ್ಲಿ ಆರು ಲಾರಿ ನಿಂತು ನಲವತ್ತೆಂಟು ಸಾವಿರ ಹೋಯಿತು. ಮೊದಲ ದಿನ ತಡವಾಗಿದ್ದಕ್ಕೆ ಅಕ್ಕನ ಕಾಲಿನ ಒಂದು ಬೆರಳು ಹೋಯಿತು. ಅಕ್ಕ ಉಳಿದಳು.