ಅರ್ಧನೀರು ಡಾಕ್ಟರು

ಬಾಗಿಲು ತೆರೆದವರು ಎಷ್ಟೇ ಅವಸರದಲ್ಲಿ ಕರೆದರೂ ಅರ್ಧನೀರು ಡಾಕ್ಟರು ಮೀನಿನ ತೊಟ್ಟಿಯ ಹತ್ತಿರ ನೇರವಾಗಿ ಹೋಗುವುದಿಲ್ಲ. ಬಾಗಿಲ ಪಕ್ಕದಲ್ಲಿ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ, ಚೀಲವನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು ಕೂತುಬಿಡುತ್ತಾರೆ. ಆ ದಿನ ಬೆಳಿಗ್ಗೆ ಹೊಲಿಗೆ ಟೀಚರ ಮನೆಯಲ್ಲೂ ಹಾಗೇ ಮಾಡಿದರು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಒಂದು ತುದಿಯಲ್ಲಿ ಗಾಜಿನ ತೊಟ್ಟಿಯಿತ್ತು. ಅದರೊಳಗೆ ಅಂಗೈಯಗಲದ ಮುದಿ ಗೋಲ್ಡ್‌ಫಿಷ್ ಪಕ್ಕಕ್ಕೆ ಹೊರಳಿ, ಒಂದು ಕಣ್ಣನ್ನು ಸೂರಿಗೂ ಇನ್ನೊಂದನ್ನು ತಳಕ್ಕೂ ನೆಟ್ಟು, ನೀರಿನ ಮೇಲೆ ಬಿದ್ದ ಎಲೆಯಂತೆ ತೇಲುತ್ತಿತ್ತು. ಕಿವಿರು ಮಾತ್ರ ಮೆಲ್ಲಗೆ ಆಡುತ್ತಿತ್ತು.

"ಜೀವ ಹೋಗಿಲ್ಲ ಅಲ್ವಾ?" ಎಂದರು ಟೀಚರು.

"ಇಲ್ಲ."

"ಮತ್ತೆ ಹತ್ತಿರ ಬಂದು ನೋಡಿ ಡಾಕ್ಟ್ರೇ. ಬಸ್ಸಿಗೆ ಕಾಯೋರ ಥರ ಅಲ್ಲೇನು ಕೂತಿದ್ದೀರಿ?"

"ಅದು ನನ್ನ ನೋಡದೆ ಇರುವಾಗ ನಾನು ಅದನ್ನ ನೋಡ್ಬೇಕು."

ಗಾಜಿನ ಮುಂದೆ ಮುಖವೊಂದು ಕಾಣಿಸಿಕೊಂಡ ಕೂಡಲೇ ಕಾಯಿಲೆಯ ಮೀನು ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ, ರೆಕ್ಕೆ ಅಗಲಿಸಿ, ತನಗೇನೂ ಆಗಿಲ್ಲವೆಂಬಂತೆ ಈಜಿ ತೋರಿಸುತ್ತದೆ ಎಂಬುದು ಅವರ ಅನುಭವ. ನೋಡುವವರು ಸರಿದು, ಕೋಣೆ ತನ್ನ ಪಾಡಿಗೆ ತಾನು ಮರಳಿದ ಮೇಲೆ ಅದು ಮೂಲೆ ಹಿಡಿಯುತ್ತದೆ, ಕಲ್ಲಿಗೆ ಮೈ ತಿಕ್ಕುತ್ತದೆ, ರೆಕ್ಕೆ ಮಡಚಿ ನಿಂತಲ್ಲೇ ನಿಲ್ಲುತ್ತದೆ. ಆ ಗಳಿಗೆಗಾಗಿ ಅವರು ಕಾಯುತ್ತಾರೆ. ಮನೆಯವರಿಗೆ ಇರಿಸುಮುರಿಸು. ಅತಿಥಿಯೆಂದು ಮಾತಾಡಿಸಬೇಕೋ, ರಿಪೇರಿಯವರೆಂದು ಬಿಟ್ಟು ಒಳಗೆ ಹೋಗಬೇಕೋ ತಿಳಿಯುವುದಿಲ್ಲ. ಹೆಚ್ಚಿನವರು ಒಳಗೆ ಹೋಗುತ್ತಾರೆ. ಹೀಗೆ ನೂರಾರು ಮನೆಗಳ ಮುಂಗೋಣೆಗಳನ್ನು ಕಂಡಿರುವ ಈ ಮನುಷ್ಯ, ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಒಬ್ಬರೇ ಕೂತಿದ್ದವರು.

ಅವರನ್ನು ದೂರದಿಂದಲೇ ಗುರುತು ಹಿಡಿಯಬಹುದು. ತುಂಬಿದ ಬಕೆಟ್ಟನ್ನು ಚೆಲ್ಲದಂತೆ ಒಯ್ಯುವವರ ನಡಿಗೆ ಅದು: ಎಡ ಭುಜ ಕೊಂಚ ಮೇಲೆ, ಹೆಜ್ಜೆ ಚಿಕ್ಕದು, ತಿರುವಿನಲ್ಲಿ ಇಡೀ ಮೈಯನ್ನು ಒಟ್ಟಿಗೆ ತಿರುಗಿಸುವ ಜಾಗ್ರತೆ. ಕೈಯಲ್ಲಿ ಬಕೆಟ್ ಇಲ್ಲದಾಗಲೂ ಹಾಗೆಯೇ ನಡೆಯುತ್ತಾರೆ. ಉದ್ದ ತೋಳಿನ ಬಿಳಿ ಅಂಗಿಯ ಎಡತೋಳಿಗೆ ಮಣಿಕಟ್ಟಿನಲ್ಲಿ ಗುಂಡಿ, ಬಲತೋಳು ಮಾತ್ರ ಸದಾ ಮೊಣಕೈಯ ಮೇಲಕ್ಕೆ ಮಡಚಿರುತ್ತದೆ. ಅಕ್ಕನ ಮಗಳ ಮದುವೆಯ ಫೋಟೋದಲ್ಲೂ ಅವರು ಹಾಗೇ ನಿಂತಿದ್ದಾರೆ, ಇನ್ನೇನು ಯಾವುದೋ ತೊಟ್ಟಿಗೆ ಕೈ ಹಾಕುವವರಂತೆ. ಆ ಬಲಗೈಗೆ ಅವರು ಸೋಪು ಹಚ್ಚುವುದಿಲ್ಲ, ಬರೀ ನೀರು. ಸೋಪಿನ ಒಂದು ಕಣ ಸಾಕು, ಮೀನಿನ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಆಮೇಲೆ ಯಾವ ರೋಗ ಬೇಕಾದರೂ ಒಳಗೆ ಹೊಗಬಹುದು.

‘ಅರ್ಧನೀರು’ ಎಂದು ಹೆಸರಿಟ್ಟದ್ದು ಸಾಕುಮೀನಿನ ಅಂಗಡಿಯವನು. ರೋಗ ಏನೇ ಇರಲಿ, ಅವರ ಮೊದಲ ಮದ್ದು ಒಂದೇ: ಅರ್ಧ ನೀರು ತೆಗೆಯಿರಿ, ಅಷ್ಟೇ ಬಿಸುಪಿನ ಹೊಸ ನೀರು ಹಾಕಿ, ಆಮೇಲೆ ಮಾತಾಡೋಣ.

"ನಿಮ್ಮ ದೆಸೆಯಿಂದ ನನ್ನ ಔಷಧಿ ಸೀಸೆಗೆಲ್ಲ ಧೂಳು ಹಿಡೀತು ಸಾಹೇಬ್ರೇ," ಎಂದು ಅಂಗಡಿಯವನು ಗೊಣಗುತ್ತಾನೆ. "ನಲ್ಲಿ ತಿರುಗಿಸೋದಕ್ಕೂ ಒಬ್ಬ ಡಾಕ್ಟರು ಬೇಕಾ?"

"ತಿರುಗಿಸೋದಕ್ಕೆ ಬೇಡ. ಎಲ್ಲಿ ನಿಲ್ಲಿಸಬೇಕು ಅನ್ನೋದಕ್ಕೆ ಬೇಕು."

ಅಂಗಡಿಯವನು ಇದನ್ನು ಗಿರಾಕಿಗಳಿಗೆಲ್ಲ ಹೇಳಿ ನಗುತ್ತಾನೆ. ಕಾಯಿಲೆಯ ಮೀನು ಹಿಡಿದುಕೊಂಡು ಬಂದವರಿಗೆ ಅವರ ನಂಬರು ಕೊಡುವವನೂ ಅವನೇ.

ಮೊದಲು ಅವರು ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿದ್ದರು. ನದಿಯಿಂದ ಬಂದ ನೀರು ಶುದ್ಧೀಕರಣಕ್ಕೆ ಹೋಗುವ ಮುನ್ನ ಅಲ್ಲೊಂದು ಪುಟ್ಟ ತೊಟ್ಟಿಯ ಮೂಲಕ ಹರಿಯುತ್ತಿತ್ತು. ಅದರಲ್ಲಿ ಕೆಲವು ಮೀನುಗಳು. ಅವು ಒದ್ದಾಡತೊಡಗಿದರೆ ನೀರಿಗೆ ಏನೋ ಬೆರೆತಿದೆ ಎಂದರ್ಥ, ಕೂಡಲೇ ದೊಡ್ಡ ಗೇಟು ಮುಚ್ಚಬೇಕು. ಆ ಮೀನುಗಳನ್ನು ನೋಡುತ್ತ ಕೂರುವುದು ಅವರ ಕೆಲಸ. ಊರಿಗೆ ಬರುವ ಆಪತ್ತು ಮೊದಲು ಇವುಗಳಿಗೆ ಬರಲಿ ಎಂದು ಇಟ್ಟ ಜೀವಗಳನ್ನು ದಿನವಿಡೀ ನೋಡುತ್ತ ಕೂತವರಿಗೆ, ಇವು ಬದುಕಬೇಕು ಎನ್ನಿಸತೊಡಗಿದ್ದು ಯಾವಾಗ ಎಂದು ಅವರಿಗೇ ನೆನಪಿಲ್ಲ. ಕೊನೆಗೆ ಮೀನಿನ ಜಾಗಕ್ಕೆ ಯಂತ್ರ ಬಂತು. ತೊಟ್ಟಿ ಒಡೆದ ದಿನ ಮೀನುಗಳನ್ನು ಬಕೆಟ್ಟಿಗೆ ಹಾಕಿಕೊಂಡು, ಒಂದು ಹನಿ ಚೆಲ್ಲದೆ, ಅರ್ಧ ಊರು ನಡೆದು ಮನೆ ಸೇರಿದರು. ಆ ನಡಿಗೆ ಆಮೇಲೆ ಮೈಬಿಡಲಿಲ್ಲ.

ಯಾವ ಮನೆಗೆ ಹೋದರೂ ಅವರದು ಒಂದೇ ಪ್ರಶ್ನೆ: "ಹೊಸದಾಗಿ ಏನು ಬಂತು?" ಎಲ್ಲರದೂ ಒಂದೇ ಉತ್ತರ, ಏನೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಒಂದೊಂದಾಗಿ ಹೊರಬರುತ್ತದೆ. ಒಂದು ಗಿಡ ತಂದೆವು. ಗೋಡೆಗೆ ಬಣ್ಣ ಹೊಡೆಸಿದೆವು. ಅತ್ತೆ ಬಂದಿದ್ದರು, ಪಾಚಿ ಕಂಡು ಹೇಸಿ ಫಿಲ್ಟರಿನ ಸ್ಪಂಜನ್ನು ಬಿಸಿನೀರಿನಲ್ಲಿ ತೊಳೆದರು. ಈ ಕೊನೆಯದನ್ನು ಕೇಳಿದಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಸ್ಪಂಜಿನ ಆ ಕೊಳೆಯಲ್ಲೇ ನೀರನ್ನು ಹಸನಾಗಿಡುವ ಸೂಕ್ಷ್ಮ ಜೀವಿಗಳಿರುತ್ತವೆ, ಪ್ರೀತಿಯಿಂದ ತೊಳೆದ ಕೈಯೇ ಮೀನಿನ ಉಸಿರು ಕಟ್ಟಿಸುತ್ತದೆ.

ಒಂದು ಕಚೇರಿಯಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ಒಂದೆರಡು ಮೀನು ಸತ್ತಿರುತ್ತಿದ್ದವು. ಮ್ಯಾನೇಜರು ಅಂಗಡಿಯವನನ್ನು ಬೈದರು, ಅಂಗಡಿಯವನು ಇವರನ್ನು ಕಳಿಸಿದ. ಇವರು ಮಧ್ಯಾಹ್ನದವರೆಗೂ ಕೂತು, ಆಮೇಲೆ ಎದ್ದು ಮೀನನ್ನು ಬಿಟ್ಟು ಕಪಾಟಿನ ಹಿಂದೆ ಮೂಸಿದರು. ಗಾಳಿಯ ಪಂಪು ಅಲ್ಲಿ ನೆಲದ ಮೇಲಿತ್ತು. ರಜೆಯ ದಿನ ಜಿರಲೆಗೆ ಹೊಡೆದ ಔಷಧಿಯನ್ನು ಅದು ಹೀರಿ ಹೀರಿ ತೊಟ್ಟಿಗೆ ತುಂಬುತ್ತಿತ್ತು. ಅರ್ಧ ನೀರು ಬದಲಾಯಿಸಿ, ಪಂಪನ್ನು ಎತ್ತಿ ಕಪಾಟಿನ ಮೇಲಿಟ್ಟು ಬಂದರು. ಅಲ್ಲಿಂದೀಚೆಗೆ ಯಾವ ಮೀನೂ ಸತ್ತಿಲ್ಲ, ಅವರಿಗೆ ಕರೆಯೂ ಬಂದಿಲ್ಲ. ಆ ದಾರಿಯಲ್ಲಿ ಹೋಗುವಾಗ ಒಮ್ಮೊಮ್ಮೆ ಗಾಜಿನ ಬಾಗಿಲಿನಾಚೆಯಿಂದ ಇಣುಕಿ ನೋಡುತ್ತಾರೆ. "ಯಾರು ಬೇಕು ಸಾರ್?" ಎಂದು ಕಾವಲುಗಾರ ಕೇಳಿದರೆ, "ಯಾರೂ ಬೇಡಪ್ಪ," ಎಂದು ಮುಂದೆ ನಡೆಯುತ್ತಾರೆ. ಒಳಗೆ ಹೋಗಬಹುದಿತ್ತು, ಬೇಡವೆನ್ನುವವರು ಯಾರೂ ಇರಲಿಲ್ಲ. ಆದರೆ ಕರೆಯದೆ ಯಾರ ಬಾಗಿಲನ್ನೂ ತಟ್ಟಿದವರಲ್ಲ ಅವರು. ಬಾಗಿಲು ತೆರೆದವರಿಗೆ ಅವರ ಮೀನಿಗೆ ಏನಾಗಿದೆ ಎಂದು ಹೇಳಲಾಗದಿದ್ದರೆ ಬೇರೆ ಏನು ಹೇಳುವುದೆಂದು ಅವರಿಗೆ ತಿಳಿಯದು.

ಅವರ ಮನೆಯಲ್ಲೂ ಒಂದು ತೊಟ್ಟಿ ಇದೆ. ಮರಳಿಲ್ಲ, ಗಿಡವಿಲ್ಲ, ಆಸ್ಪತ್ರೆಯ ಕೋಣೆಯಷ್ಟು ಬೋಳು. ಬೇರೆಯವರ ಮನೆಯಲ್ಲಿ ವಾಸಿಮಾಡಲಾಗದ ಮೀನನ್ನು ತಂದು ಅದರಲ್ಲಿ ಬಿಡುತ್ತಾರೆ. ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳೆದ್ದ ಮೀನಿಗೆ ನೀರನ್ನು ಮೆಲ್ಲಮೆಲ್ಲನೆ ಬೆಚ್ಚಗಾಗಿಸುತ್ತಾರೆ, ಬಾಲ ಕೊಳೆತದ್ದಕ್ಕೆ ಔಷಧಿ ಬೆರೆಸುತ್ತಾರೆ, ಪಕ್ಕದಲ್ಲಿ ಕೂತು ಊಟ ಮಾಡುತ್ತಾರೆ. ವಾಸಿಯಾದ ಮೀನು ತನ್ನ ಮನೆಗೆ ಹೊರಡುತ್ತದೆ; ವಾಸಿಯಾಗದ್ದೂ ಹೊರಡುತ್ತದೆ. ಬಕೆಟ್ಟಿನಲ್ಲಿ ತಂದ ಮೀನುಗಳ ಕಾಲ ಮುಗಿದ ಮೇಲೆ ತಮ್ಮದೆಂದು ಒಂದು ಮೀನನ್ನೂ ಅವರು ಇಟ್ಟುಕೊಂಡಿಲ್ಲ. ಮದುವೆಯಾಗದ ತಮ್ಮನಿಗೆ ಭಾನುವಾರದ ಫೋನಿನಲ್ಲಿ ಅಕ್ಕ ಕೇಳುತ್ತಾಳೆ:

"ಊರವರ ಮೀನಿನ ನಾಡಿ ಹಿಡೀತೀಯಲ್ಲೋ, ಕನ್ನಡೀಲಿ ನಿನ್ನ ಮುಖ ನೋಡ್ಕೊಂಡು ಎಷ್ಟು ದಿನ ಆಯ್ತು?"

"ಮೀನಿಗೆ ನಾಡಿ ಹಿಡಿಯೋಕಾಗಲ್ಲ ಅಕ್ಕ."

"ಗೊತ್ತು ಬಿಡು. ನಿನಗೂ ಆಗಲ್ಲ."

ಹೊಲಿಗೆ ಟೀಚರ ಮನೆಗೆ ಅವರು ಆ ದಿನ ಹೋದದ್ದು ಮೂರನೆಯ ಸಲ. ಒಂದು ಕಾಲದಲ್ಲಿ ಆ ಮುಂಗೋಣೆಯ ತುಂಬ ಹೊಲಿಗೆ ಯಂತ್ರಗಳು, ಯಂತ್ರಕ್ಕೊಬ್ಬಳು ಹುಡುಗಿ, ಹುಡುಗಿಗೊಂದು ಮಾತು. ಟೀಚರ ಕಣ್ಣು ಮಂಜಾದ ಮೇಲೆ ತರಗತಿ ನಿಂತು, ಒಂದು ಯಂತ್ರ ಮಾತ್ರ ಬಟ್ಟೆ ಹೊದ್ದು ಉಳಿದಿದೆ. ಮೀನು ಕೂಡ ಅವರದಲ್ಲ. ಕೆಳಗಿನ ಬಾಡಿಗೆಯವರು ಮನೆ ಬಿಡುವಾಗ ಸಾಗಿಸಲಾಗದೆ ಬಿಟ್ಟುಹೋದದ್ದು. ಟೀಚರು ಅದನ್ನು ‘ದೊರೆ’ ಎಂದು ಕರೆಯುತ್ತಾರೆ.

ಮೊದಲ ಸಲ ದೊರೆ ಪಕ್ಕಕ್ಕೆ ಹೊರಳಿದಾಗ ಕಾರಣ ಸರಳವಾಗಿತ್ತು. ಮೀನಿಗೆ ಹಾಕುವ ಒಣ ಆಹಾರದ ಕಾಳು ಹೆಚ್ಚಾಗಿ ಹೊಟ್ಟೆಯಲ್ಲಿ ಉಬ್ಬಿ, ಮೀನನ್ನು ನೆಟ್ಟಗೆ ನಿಲ್ಲಿಸುವ ಒಳಗಿನ ಗಾಳಿಚೀಲವನ್ನು ಒತ್ತಿತ್ತು. ಕೆಲವು ದಿನ ಉಪವಾಸ, ಆಮೇಲೆ ಬೇಯಿಸಿ ಸಿಪ್ಪೆ ಸುಲಿದ ಬಟಾಣಿಯ ಚೂರು, ಅದಾದ ಮೇಲೆ ದಿನಕ್ಕೊಂದೇ ಚಿಟಿಕೆ ಕಾಳು ಎಂದು ಹೇಳಿ ಬಂದರು. ಮೀನು ನೆಟ್ಟಗಾಯಿತು. ಕೆಲವೇ ವಾರಗಳಲ್ಲಿ ಮತ್ತೆ ಕರೆ. ಆಗ ಒಳ್ಳೆಯ ಜಾತಿಯ ಕಾಳು ತುಂಬಿದ ಡಬ್ಬಿಯೊಂದನ್ನು ತಾವೇ ತಂದುಕೊಟ್ಟರು. ಅದೇ ದಿನ ಟೀಚರು ಅವರ ಎಡತೋಳಿನ ಗುಂಡಿ ಜೋತಾಡುವುದನ್ನು ಕಂಡು, ಅಂಗಿ ತೊಟ್ಟಿರುವಂತೆಯೇ ಮಣಿಕಟ್ಟು ಹಿಡಿದು, ಕಣ್ಣಿಗಿಂತ ಬೆರಳಿನ ಅಂದಾಜಿನಲ್ಲೇ ಹೊಲಿದರು. "ಅಲ್ಲಾಡಬೇಡಿ ಡಾಕ್ಟ್ರೇ, ಸೂಜಿಗೆ ನೀವು ಯಾರು ಅಂತ ಗೊತ್ತಿಲ್ಲ," ಎಂದರು. ಮೀನನ್ನು ನೋಡುವಾಗ ಕೂರುವಷ್ಟೇ ನಿಶ್ಚಲವಾಗಿ ಅವರು ಕೂತಿದ್ದರು. ದಾರ ಕಡಿದ ಮೇಲೂ ಸ್ವಲ್ಪ ಹೊತ್ತು ಕೈ ತೆಗೆಯಲು ಮರೆತರು.

ಈಗ ಮೂರನೆಯ ಸಲ. ಬಹಳ ಹೊತ್ತಿನ ಮೇಲೆ ಎದ್ದು ತೊಟ್ಟಿಯ ಬಳಿ ಹೋಗಿ, ಟಾರ್ಚನ್ನು ಓರೆಯಾಗಿ ಹಿಡಿದರು. ಮೀನಿನ ಹೊಟ್ಟೆ ಬಿಗಿದಿತ್ತು. ತಳದ ಕಲ್ಲುಗಳ ಸಂದಿಯಲ್ಲಿ ತಿನ್ನದೆ ಉಳಿದ ಕಾಳುಗಳು ನೆನೆದು ಉಬ್ಬಿದ್ದವು.

"ಎಷ್ಟು ಹಾಕ್ತಿದ್ದೀರಿ ಟೀಚರ್?"

"ನೀವು ಹೇಳಿದಷ್ಟೇ. ಒಂದು ಚಿಟಿಕೆ."

ಪಕ್ಕದಲ್ಲಿದ್ದ ಡಬ್ಬಿಯನ್ನು ಎತ್ತಿದರು. ವರ್ಷಪೂರ್ತಿ ಬರಬೇಕಾಗಿದ್ದ ಡಬ್ಬಿ. ಅಲ್ಲಾಡಿಸಿದರೆ ತಳದಲ್ಲಿ ಒಂದಿಷ್ಟು ಕಾಳು ಗಲಗಲ ಎಂದಿತು. ಟೀಚರು ಚಹಾದ ಬಟ್ಟಲನ್ನು ಮೇಜಿನ ಮೇಲಿಟ್ಟು, ಅದರ ಹಿಡಿಯನ್ನು ಅವರ ಬಲಗೈಯ ಕಡೆಗೆ ತಿರುಗಿಸಿದರು.

"ಮನೆಗೆ ಹೊಸದಾಗಿ ಏನು ಬಂತು?" ಅಭ್ಯಾಸಬಲದಿಂದ ಬಾಯಿಗೆ ಬಂದ ಮಾತು.

"ಈ ಮನೆಗೆ ಹೊಸದಾಗಿ ಏನು ಬರತ್ತೆ ಡಾಕ್ಟ್ರೇ," ಎಂದು ಟೀಚರು ಕಿಟಕಿಯ ಕಡೆ ನೋಡಿದರು.

ಅವರು ಕೋಣೆಯನ್ನು ನೋಡಿದರು. ಮೊದಲ ಸಲ ಬಂದಾಗ ಬಾಗಿಲ ಪಕ್ಕದಲ್ಲಿ ಬಟ್ಟೆಯ ಗಂಟು ಹೇರಿದ ಒಂದು ಸ್ಟೂಲಿತ್ತು. ಗಂಟನ್ನು ಸರಿಸಿ, ಅದರ ಅಂಚಿನಲ್ಲಿ ಕೂತಿದ್ದರು. ಈಗ ಅಲ್ಲಿ ಕುರ್ಚಿಯಿದೆ. ಕುರ್ಚಿಯ ಮೇಲೆ, ಸುತ್ತಲೂ ಸಣ್ಣ ಹೊಲಿಗೆ ಹಾಕಿದ, ಯಾರೂ ಕೂತು ಮಾಸಿರದ ದಿಂಬು. ಕಾಯಿಲೆಯ ಕಾರಣವನ್ನು ಹುಡುಕುತ್ತ ಅವರು ಇಷ್ಟು ಹೊತ್ತು ಕೂತಿದ್ದದ್ದು ಅದರ ಮೇಲೆಯೇ. ಆ ಮನೆಗೆ ಹೊಸದಾಗಿ ಬಂದದ್ದು ತಾವು ಎಂದು ಅವರಿಗೆ ತಿಳಿಯಿತು.

ಸುಮ್ಮನಿದ್ದುಬಿಡಬಹುದಿತ್ತು. ಉಪವಾಸ, ಬಟಾಣಿ, ಚಹಾ, ಮತ್ತೆ ಕೆಲವು ವಾರಕ್ಕೆ ಇನ್ನೊಂದು ಕರೆ. ಅವರಿಗಾಗಿ ಕುರ್ಚಿ ಇಟ್ಟ ಮನೆ ಊರಿನಲ್ಲಿ ಇನ್ನೊಂದಿರಲಿಲ್ಲ. ಅವರು ಚಹಾ ಮುಗಿಸಿ ಬಟ್ಟಲನ್ನು ಕೆಳಗಿಟ್ಟರು.

"ಟೀಚರ್, ಇನ್ನೊಂದು ಸಲ ಹೀಗಾದ್ರೆ ಇದು ಏಳಲ್ಲ. ವಯಸ್ಸಾಗಿದೆ."

ಟೀಚರು ಸೆರಗಿನ ಅಂಚನ್ನು ಬೆರಳಿನಲ್ಲಿ ಅಳೆಯುತ್ತಿದ್ದರು. "ಕಾಳು ಕಮ್ಮಿ ಹಾಕಿದ್ರೆ ಸರಿಹೋಗುತ್ತಾ?"

"ಹೋಗುತ್ತೆ."

"ಆಮೇಲೆ ನೀವು ಬರೋ ಕೆಲಸ ಇರಲ್ಲ."

"ಮೀನಿಗೋಸ್ಕರ ಇರಲ್ಲ," ಎಂದರು.

ಸತ್ಯವಾದ ಮಾತೇ, ಆದರೆ ಹೇಳಬೇಕಾಗಿದ್ದದ್ದು ಅದಲ್ಲವೆಂದು ಆಡಿದ ಮರುಕ್ಷಣ ಅವರಿಗೂ ಅನ್ನಿಸಿತು. ಅರ್ಧ ನೀರು ತೆಗೆದು ಅರ್ಧ ನೀರು ತುಂಬಿದರು. ಬಲಗೈಯನ್ನು ಬರೀ ನೀರಿನಲ್ಲಿ ತೊಳೆದರು. ಆಮೇಲೆ, ಕೆಲವು ದಿನ ಉಪವಾಸವೆಂದು ಹೇಳಿ, ಕಾಳಿನ ಡಬ್ಬಿಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡರು. ಟೀಚರು ಅದನ್ನು ನೋಡಿದರು, ಬೇಡವೆನ್ನಲಿಲ್ಲ. ಬಾಗಿಲವರೆಗೂ ಬಂದು, ಅವರು ಮೆಟ್ಟಿಲಿಳಿಯುವಾಗ ಹೇಳಿದರು:

"ಶನಿವಾರದ ಹೊತ್ತಿಗೆ ದೊರೆಗೆ ಹಸಿವಾಗುತ್ತೆ."

"ಗೊತ್ತು," ಎಂದರು ಅವರು, ತಿರುಗಿ ನೋಡದೆ.

ಏನಾದರೂ ಕೆಟ್ಟಾಗ ಮಾತ್ರ ಕರೆಸಿಕೊಳ್ಳುವವರು ಪ್ರತಿ ಊರಿನಲ್ಲೂ ಇದ್ದಾರೆ. ಮನೆಗಳ ಒಳಗನ್ನು ಅವರಷ್ಟು ಹತ್ತಿರದಿಂದ ಕಂಡವರಿಲ್ಲ, ಆದರೆ ಆ ಮನೆಗಳ ಒಳ್ಳೆಯ ದಿನಗಳನ್ನು ಅವರು ಕಾಣುವುದಿಲ್ಲ. ಕೆಲಸ ಚೆನ್ನಾಗಿ ಮಾಡಿದಷ್ಟೂ ಅವರ ನೆನಪು ಬೇಗ ಅಳಿಯುತ್ತದೆ. ಎಲ್ಲವೂ ಸರಿಯಾಗಿರುವ ಮನೆಯಲ್ಲಿ ತಮಗೂ ಕೂರಲು ಜಾಗವಿರಬಹುದು ಎಂಬುದನ್ನು ಅವರು ಯಾರಿಂದಲೂ ಕಲಿತಿರುವುದಿಲ್ಲ. ಕಲಿಯಲು ಹೊರಟಾಗ ಕೈಯಲ್ಲೊಂದು ಸಾಮಾನು ಇಲ್ಲದೆ ಹೊರಡಲಾರರು.

ಶುಕ್ರವಾರ ಸಂಜೆಯಾಯಿತು. ಟೀಚರಿಂದ ಕರೆ ಬಂದಿಲ್ಲ. ಶನಿವಾರ ಬೆಳಿಗ್ಗೆ ಅವರು ಆ ಮನೆಗೆ ಹೋಗಲಿದ್ದಾರೆ. ಡಬ್ಬಿಯನ್ನು ತಮ್ಮ ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಅಂಗಿಯ ಜೇಬಿಗೆಂದು ಕಾಗದದ ಸಣ್ಣ ಪೊಟ್ಟಣವೊಂದನ್ನು ಕಟ್ಟಿಟ್ಟಿದ್ದಾರೆ. ಅದರಲ್ಲಿರುವುದು ಒಂದೇ ಚಿಟಿಕೆ ಕಾಳು, ಒಂದು ದಿನಕ್ಕೆ ಆಗುವಷ್ಟು.