ಮೂರು ತಿಂಗಳ ಯಜಮಾನಿಕೆ

ಶಾಲೆಯ ವ್ಯಾನ್ ಓಡಿಸುವ ಗಂಡ, ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಡತಿ. ಇಬ್ಬರಿಗೂ ಸ್ವಂತದ್ದೊಂದು ಸೂರು ಬೇಕೆಂಬ ಹಂಬಲ. ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟದ್ದು ಮುಂಗಡಕ್ಕೆ ಸಾಲುವಷ್ಟಾದಾಗ, ಮೂರು ಕೋಣೆಯ ಫ್ಲ್ಯಾಟೊಂದು ಡ್ರೈವರಣ್ಣನ ಕಣ್ಣಿಗೆ ಬಿತ್ತು. ಬ್ಯಾಂಕಿನ ಕಂತು ಈಗಿನ ಬಾಡಿಗೆಯಷ್ಟೇ. ಇನ್ನೇನು ಯೋಚನೆ ಎಂದು ಅವನು ಕುಣಿದಾಡಿದ.

ಕೆಳಗಿನ ಮನೆಯಲ್ಲಿದ್ದ ಮಾಲಕಿ ಅಜ್ಜಿಗೆ ಸುದ್ದಿ ಹೇಳಲು ಹೋದರೆ, ಅವರು ಕನ್ನಡಕ ಒರೆಸಿಕೊಳ್ಳುತ್ತ, "ಕಂತು ಸರಿ ಕಣಪ್ಪ. ಮಿಕ್ಕಿದ್ದು?" ಎಂದರು.

ಮಿಕ್ಕಿದ್ದು ಏನೆಂದು ಅವನಿಗೆ ಹೊಳೆಯಲಿಲ್ಲ. ಒಳ್ಳೆಯ ಬಾಡಿಗೆದಾರರು ಕೈತಪ್ಪುತ್ತಾರೆಂದು ಮುದುಕಿ ಅಡ್ಡಗಾಲು ಹಾಕುತ್ತಿದ್ದಾಳೆ ಎಂದು ಒಳಗೊಳಗೇ ಮುನಿಸಿಕೊಂಡ. ಅಜ್ಜಿ ಅದನ್ನು ಅವನ ಮುಖದಲ್ಲೇ ಓದಿದರು. ಮೂರು ತಿಂಗಳು ನೀವೇ ಈ ಮನೆಯ ಯಜಮಾನರು ಅಂದುಕೊಳ್ಳಿ, ನನಗೆ ಬರುವ ಖರ್ಚೆಲ್ಲ ನಿಮಗೆ ತೋರಿಸುತ್ತೇನೆ, ಬಾಡಿಗೆ ಕೊಟ್ಟ ಮೇಲೆ ಅಷ್ಟು ದುಡ್ಡನ್ನು ನಿಮ್ಮದೇ ಖಾತೆಗೆ ಹಾಕುತ್ತ ಹೋಗಿ, ನಿಜವಾದ ಬಿಲ್ ನಾನೇ ಕಟ್ಟುತ್ತೇನೆ ಎಂದರು. ಕಳೆದುಕೊಳ್ಳುವುದೇನೂ ಇಲ್ಲವಲ್ಲ ಎಂದು ಹೆಂಡತಿ ಒಪ್ಪಿಕೊಂಡಳು.

ಮೊದಲ ತಿಂಗಳು ಮನೆ ತೆರಿಗೆಯ ಪಾಲು, ವಿಮೆ, ನೀರಿನ ಬಿಲ್, ಮೆಟ್ಟಿಲ ದೀಪ. ಒಂದೊಂದೂ ಚಿಲ್ಲರೆ, ಕೂಡಿದರೆ ಗಂಟಲಲ್ಲಿ ಇಳಿಯದ ತುತ್ತು. ಎರಡನೆಯ ತಿಂಗಳು ನೀರಿನ ಪಂಪ್ ಸುಟ್ಟುಹೋಯಿತು. ಅಜ್ಜಿ ಏದುಸಿರು ಬಿಡುತ್ತ ಮೇಲೆ ಬಂದು, ಖಾಲಿ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತರು.

"ಯಜಮಾನ್ರೇ, ನಲ್ಲೀಲಿ ನೀರಿಲ್ಲ. ಬಾಡಿಗೆ ಮಾತ್ರ ತಪ್ಪದೆ ಎಣಿಸ್ಕೋತೀರಿ."

ಹೋದ ವರ್ಷ ನೀರು ನಿಂತಾಗ ಅವನೇ ಅಜ್ಜಿಗೆ ಅಂದಿದ್ದ ಮಾತದು. ಡ್ರೈವರಣ್ಣ ತಲೆ ಕೆರೆದುಕೊಂಡ. ಹೆಂಡತಿ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡು ಒಳಗೋಡಿದಳು.

ಆದರೆ ಆ ತಿಂಗಳ ಲೆಕ್ಕ ತೂಗಿಸಲು ಅವಳು ಎರಡರಷ್ಟು ಬಟ್ಟೆ ಒಪ್ಪಿಕೊಂಡಳು. ಮೂರನೆಯ ತಿಂಗಳು ಚಾವಣಿ ಸೋರಿತು. ಹೊಲಿಗೆ ಇನ್ನೂ ಹೆಚ್ಚಿತು. ಒಂದು ಸಂಜೆ ಅವನು ಬಂದಾಗ, ಅವಳು ಯಂತ್ರದ ಮುಂದೆ ಕತ್ತು ಹಿಡಿದುಕೊಂಡು ಕೂತಿದ್ದಳು. ಏನೂ ಇಲ್ಲ ಎಂದು ನಕ್ಕಳು, ನಗುವಾಗಲೂ ಕತ್ತು ತಿರುಗಲಿಲ್ಲ. ಅವನು ಎಣ್ಣೆ ಬಿಸಿ ಮಾಡಿ ತಂದು, ಮೆಲ್ಲಗೆ ತಿಕ್ಕುತ್ತ ಕೂತ.

"ಆ ದೊಡ್ಡ ಮನೆ ನಮಗೆ ಬೇಡ ಕಣೇ," ಎಂದ ಕೊನೆಗೆ. "ನಿನ್ನ ಕತ್ತಿನ ಮೇಲೆ ನಿಲ್ಲೋ ಮನೇಲಿ ನಂಗೆ ನಿದ್ದೆ ಬರಲ್ಲ."

"ಹಾಸಿಗೆ ಇದ್ದಷ್ಟು ಕಾಲು ಚಾಚೋಣ ಅಂತ ನಾನೇ ಹೇಳೋಣ ಅಂತಿದ್ದೆ. ನಿಮ್ಮ ಆಸೆ ನೋಡಿ ಬಾಯಿ ಬರಲಿಲ್ಲ ರೀ," ಎಂದಳು ಅವಳು.

ಮುಂದೆ ಅವರು ಹಿಂದಿನ ಬೀದಿಯಲ್ಲಿ ಒಂದೇ ಕೋಣೆಯ ಪುಟ್ಟ ಮನೆ ಕೊಂಡರು. ಕಂತು ಕಟ್ಟಿ, ರಿಪೇರಿಗೆಂದು ತೆಗೆದಿಟ್ಟರೂ ತಿಂಗಳ ಕೊನೆಗೆ ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತಿತ್ತು. ಹೊಲಿಗೆ ಮೊದಲಿನಷ್ಟಕ್ಕೇ ಇಳಿಯಿತು.

ಸಾಮಾನು ಸಾಗಿಸಿದ ದಿನ ಅಜ್ಜಿ ಬಂದು, ಎಲ್ಲ ನಲ್ಲಿಗಳನ್ನೂ ತಿರುಗಿಸಿ ನೋಡಿದರು. ಅಡುಗೆಮನೆ ತೀರಾ ಇಕ್ಕಟ್ಟಾಯಿತೆಂದು ಗೊಣಗಿದರು.

"ಇಬ್ಬರ ಅಡುಗೆಗೆ ಸಾಕು ಅಜ್ಜಿ," ಎಂದಳು ಟೈಲರಮ್ಮ.

"ಮೂವರದ್ದು ಅನ್ನು," ಎಂದು ಅಜ್ಜಿ ಅಲ್ಲಿದ್ದ ಒಂದೇ ಕುರ್ಚಿಯನ್ನು ಎಳೆದುಕೊಂಡು ಕೂತರು. "ಭಾನುವಾರ ನಾನು ಇಲ್ಲೇ ಉಣ್ಣೋದು."